ಬೆರಿಬೆರಿ: ಬಾಣಂತಿಯ ಬಿಳಿ ಅನ್ನ, ಹಸುಗೂಸಿನ ಹೃದಯ ಮತ್ತು ಒಂದು 'ಐಚ್ಛಿಕ' ವಿಟಮಿನ್

ನಮ್ಮಜ್ಜಿ ಎಂಟು ಹೆತ್ತವಳು. ಉಳಿದದ್ದು ಐದು. ಹೋದ ಮೂರರಲ್ಲಿ ಎರಡು ಕೂಸುಗಳ ಕತೆ ಒಂದೇ ಥರ. "ಮೂರು ತಿಂಗ್ಳ ಕೂಸು ತಮ್ಮಾ, ಕೈಕಾಲು ತುಂಬ್ಕೊಂಡು ಗುಂಡಗಿತ್ತು. ಎರಡು ದಿನ ಹಾಲು ಸರಿಯಾಗಿ ಕುಡೀಲಿಲ್ಲ, ಕುಡಿದಿದ್ನೆಲ್ಲ ಕಕ್ಕಿತು. ಆಮೇಲೆ ಬಾಯಿ ತೆಗೆದು ಅಳೋದು ಕಾಣ್ತಿತ್ತು, ದನಿ ಕೇಳ್ತಿರ್ಲಿಲ್ಲ. ಬೆಳಗಿನ ಜಾವಕ್ಕೆ ಹೋತು." ಎರಡು ವರ್ಷ ಬಿಟ್ಟು ಹುಟ್ಟಿದ ಇನ್ನೊಂದಕ್ಕೂ ಹೀಗೇ ಆಯಿತು. ದೃಷ್ಟಿ ಅಂದರು, ಬಾಲಗ್ರಹ ಅಂದರು, ತಾಯಿ ಹಾಲೇ ವಿಷ ಅಂತಲೂ ಯಾರೋ ಅಂದರು. ಆ ಕೊನೇ ಮಾತನ್ನು ಅಜ್ಜಿ ಇವತ್ತಿಗೂ ಮರೆತಿಲ್ಲ.

ಇದು ಅರವತ್ತರ ದಶಕದ ಕೊನೆಯ ಮಾತು, ಹೊನ್ನಾಳಿ ತಾಲ್ಲೂಕು ಸಾಸ್ವೆಹಳ್ಳಿ ಹೋಬಳಿಯ ನಮ್ಮೂರಿನದು. ಐವತ್ತು ವರ್ಷ ಹಿಂದಿನ ಕೂಸಿಗೆ ನಾನು ರೋಗಪತ್ತೆ ಮಾಡಲು ಹೊರಟಿಲ್ಲ. ನಾನು ವೈದ್ಯನೂ ಅಲ್ಲ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ಆದರೆ ಹಾಲು ಬಿಡುವುದು, ಕಕ್ಕುವುದು, ಮೇಲುಸಿರು, ದನಿಯಿಲ್ಲದ ಅಳು ಎಂಬ ಇದೇ ಸರಣಿಯನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಬರೆದ ಒಂದು ಸಂಶೋಧನಾ ಪ್ರಬಂಧದಲ್ಲಿ ಓದಿದಾಗ ಕೂತಲ್ಲೇ ಕೈಕಾಲು ತಣ್ಣಗಾದವು. ಆ ಪ್ರಬಂಧದಲ್ಲಿ ಕಾಯಿಲೆಗೆ ಹೆಸರಿತ್ತು, ಕಾರಣವಿತ್ತು, ಒಂದೆರಡು ದಿನದಲ್ಲಿ ವಾಸಿ ಮಾಡುವ ಔಷಧವೂ ಇತ್ತು.

ಹೆಸರು ಬೆರಿಬೆರಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ 'ಬಿ1 ಕೊರತೆಯಿಂದ ಬರುವ ರೋಗ ಯಾವುದು?' ಎಂಬ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಬರೆದ ಉತ್ತರ. ಅದು ಹಡಗಿನ ನಾವಿಕರಿಗೆ, ಹಳೇ ಕಾಲದ ಕೈದಿಗಳಿಗೆ ಬರುತ್ತಿದ್ದ ಕಾಯಿಲೆ, ಈಗ ಇಲ್ಲ ಅಂತಲೇ ನಾನೂ ಅಂದುಕೊಂಡಿದ್ದೆ.

ಜಯದೇವದಲ್ಲಿ ಕಂಡದ್ದು

ಡಾ. ಉಷಾ ಎಂ.ಕೆ. ಶಾಸ್ತ್ರಿ ಮತ್ತು ಸಂಗಡಿಗರ ಆ ಪ್ರಬಂಧ 2021ರಲ್ಲಿ 'ಆರ್ಕೈವ್ಸ್ ಆಫ್ ಡಿಸೀಸ್ ಇನ್ ಚೈಲ್ಡ್‌ಹುಡ್' ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಬಂತು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏಕಾಏಕಿ ಏರಿ, ಸಾವಿನ ಅಂಚಿನಲ್ಲಿ ಬಂದ 250 ಹಸುಗೂಸುಗಳನ್ನು ಅವರು ದಾಖಲಿಸಿದ್ದರು. 231 ಕೂಸುಗಳಲ್ಲಿ ಈ ಒತ್ತಡಕ್ಕೆ ಗೊತ್ತಿರುವ ಬೇರೆ ಯಾವ ಕಾರಣವೂ ಸಿಗಲಿಲ್ಲ. ಸರಾಸರಿ ವಯಸ್ಸು ಮೂರು ತಿಂಗಳ ಆಸುಪಾಸು. ಎದೆಹಾಲು ಬಿಟ್ಟು ಬೇರೇನೂ ಕುಡಿಯದ ಮಕ್ಕಳು. ತಾಯಂದಿರು ಬಾಣಂತನದ ಪಥ್ಯದಲ್ಲಿದ್ದವರು, ಊಟ ಮುಖ್ಯವಾಗಿ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ.

ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅನುಮಾನದ ಮೇಲೆಯೇ ರಕ್ತನಾಳಕ್ಕೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಕೊಟ್ಟರು. ಶೇ. 92ರಷ್ಟು ಕೂಸುಗಳಲ್ಲಿ 24ರಿಂದ 48 ಗಂಟೆಯೊಳಗೆ ಒತ್ತಡ ಪೂರ್ತಿ ಇಳಿಯಿತು. ಆಪರೇಷನ್ ಇಲ್ಲ, ಸ್ಟೆಂಟ್ ಇಲ್ಲ. ಹೃದ್ರೋಗ ಚಿಕಿತ್ಸೆಯಲ್ಲಿ ಇಷ್ಟು ಅಗ್ಗದ ಔಷಧ ಇಷ್ಟು ಬೇಗ ಕೆಲಸ ಮಾಡುವ ಇನ್ನೊಂದು ಉದಾಹರಣೆ ಹುಡುಕುವುದು ಕಷ್ಟ.

ಇಂಥ ವರದಿ ಇದೊಂದೇ ಅಲ್ಲ. ಶ್ರೀನಗರದ ವೈದ್ಯರು ಕಾಶ್ಮೀರದ ಅನ್ನ ಉಣ್ಣುವ ತಾಯಂದಿರ ಕೂಸುಗಳಲ್ಲಿ, ಅಸ್ಸಾಂನ ಮಕುಂದಾ ಮಿಷನ್ ಆಸ್ಪತ್ರೆಯವರು ಅಲ್ಲಿನ ಹಳ್ಳಿಗರಲ್ಲಿ ಇದೇ ಕೊರತೆಯನ್ನು ಗುರುತಿಸಿ ಬರೆದಿದ್ದಾರೆ. ಹುಡುಕಿದ ಕಡೆಯಲ್ಲೆಲ್ಲ ಸಿಕ್ಕಿದೆ. ಹುಡುಕದ ಕಡೆ ಅದು ನ್ಯುಮೋನಿಯಾ, ನಂಜು, 'ಹುಟ್ಟಿನಿಂದ ಬಂದ ಹಾರ್ಟ್ ತೊಂದರೆ' ಎಂಬ ಹೆಸರಲ್ಲಿ ರಿಜಿಸ್ಟರಿಗೆ ಹೋಗಿರುತ್ತದೆ ಎಂಬುದು ನನ್ನ ಅನುಮಾನ.

ಪಂಪಿಗೆ ಏನಾಗುತ್ತೆ?

ನಾವು ತಿಂದ ಅನ್ನ, ರೊಟ್ಟಿ, ಸಕ್ಕರೆ ಎಲ್ಲ ಕೊನೆಗೆ ಗ್ಲುಕೋಸ್. ಜೀವಕೋಶ ಅದನ್ನು ಒಡೆದು ಪೈರುವೇಟ್ ಮಾಡುತ್ತದೆ. ಈ ಪೈರುವೇಟ್ ಮುಂದಿನ ಹಂತಕ್ಕೆ, ಅಂದರೆ ನಿಜವಾದ ಶಕ್ತಿ ಹುಟ್ಟುವ ಕುಲುಮೆಗೆ ಹೋಗಬೇಕಾದರೆ ಬಾಗಿಲಲ್ಲಿ ಒಂದು ಕಿಣ್ವ ಇದೆ. ಆ ಕಿಣ್ವ ಕೆಲಸ ಮಾಡಲು ಥಯಾಮಿನ್ ಬೇಕು. ಥಯಾಮಿನ್ ಇಲ್ಲದಿದ್ದರೆ ಬಾಗಿಲು ಬಂದ್. ಹೊರಗೆ ಪೈರುವೇಟ್ ರಾಶಿ ಬಿದ್ದು ಲ್ಯಾಕ್ಟಿಕ್ ಆಮ್ಲವಾಗುತ್ತದೆ, ರಕ್ತ ಹುಳಿಯಾಗುತ್ತದೆ. ಒಳಗೆ ಕುಲುಮೆಯೂ ಅರೆಹೊಟ್ಟೆ, ಯಾಕೆಂದರೆ ಅಲ್ಲೂ ಥಯಾಮಿನ್ ಬೇಡುವ ಇನ್ನೊಂದು ಕಿಣ್ವ ಇದೆ. ಹೊಟ್ಟೆ ತುಂಬ ಅನ್ನ ಉಂಡವನ ಜೀವಕೋಶವೂ ಉಪವಾಸ ಬೀಳುವುದು ಹೀಗೆ.

ಇನ್ನೊಂದು ಪೇಚೂ ಇದೆ. ಹೆಚ್ಚು ಅನ್ನ ಉಂಡಷ್ಟೂ ಹೆಚ್ಚು ಥಯಾಮಿನ್ ಬೇಕು. ಈ ವಿಟಮಿನ್ನಿನ ದಾಸ್ತಾನೂ ನಮ್ಮ ಮೈಯಲ್ಲಿ ಕಡಿಮೆ. ಒಟ್ಟು ಸುಮಾರು 30 ಮಿಲಿಗ್ರಾಂ, ಹೊಸದು ಬರದಿದ್ದರೆ ಎರಡು ಮೂರು ವಾರದಲ್ಲಿ ತಳ ಕಾಣುತ್ತದೆ. ಕಬ್ಬಿಣದ ಕೊರತೆ ಬರಲು ತಿಂಗಳುಗಟ್ಟಲೆ ಹಿಡಿದರೆ, ಇದು ಒಂದು ಬಾಣಂತನದೊಳಗೇ ಬಂದು ಹೋಗಬಲ್ಲದು.

ಅರೆ ಘಳಿಗೆ ರಜೆ ಇಲ್ಲದೆ ದುಡಿಯುವ ಅಂಗಗಳಿಗೆ ಮೊದಲ ಏಟು. ನರಗಳು ಸೋತರೆ ಅದು 'ಒಣ' ಬೆರಿಬೆರಿ. ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ, ಕೂತವರು ಏಳಲಾರರು. ಬೆರಿಬೆರಿ ಎಂಬ ಪದವೇ ಸಿಂಹಳದ 'ಆಗಲ್ಲ, ಆಗಲ್ಲ' ಎಂಬುದರಿಂದ ಬಂತು ಅನ್ನುವುದು ಪ್ರಚಲಿತ ವಿವರಣೆ. ಹೃದಯ ಸೋತರೆ ಅದು 'ಹಸಿ' ಬೆರಿಬೆರಿ.

ಈ ಹಸಿ ಬೆರಿಬೆರಿಯನ್ನು ಭದ್ರಾ ಅಚ್ಚುಕಟ್ಟಿನವರಿಗೆ ವಿವರಿಸುವುದು ಬಲು ಸುಲಭ. ನಾಲೆಯ ಮೇಲ್ಭಾಗದ ಎಲ್ಲ ತೂಬುಗಳನ್ನೂ ಒಟ್ಟಿಗೆ ತೆರೆದರೆ ಏನಾಗುತ್ತದೆ? ನಾಲೆಯ ಮಟ್ಟ ಕುಸಿಯುತ್ತದೆ, ಕೊನೇಭಾಗದ ಗದ್ದೆಗೆ ನೀರು ತಲುಪುವುದಿಲ್ಲ, ಅಲ್ಲಿನವರು ರಸ್ತೆಗಿಳಿದು 'ಡ್ಯಾಮಿಂದ ಇನ್ನಷ್ಟು ಬಿಡಿ' ಅಂತ ಕೂಗುತ್ತಾರೆ. ಬಿ1 ಇಲ್ಲದ ಮೈಯಲ್ಲಿ ಸಣ್ಣ ರಕ್ತನಾಳಗಳೆಲ್ಲ ಹೀಗೆ ಸಡಿಲವಾಗಿ ತೆರೆದುಕೊಳ್ಳುತ್ತವೆ. ಒತ್ತಡ ಬೀಳುತ್ತದೆ. ಸರಿದೂಗಿಸಲು ಹೃದಯ ಇನ್ನಷ್ಟು ಜೋರಾಗಿ, ಇನ್ನಷ್ಟು ರಕ್ತ ತಳ್ಳುತ್ತದೆ. ಮೂತ್ರಪಿಂಡಗಳು ಕೊನೇಭಾಗದ ರೈತರಿದ್ದಂತೆ. ನೀರು ಸಾಲುತ್ತಿಲ್ಲ ಎಂದುಕೊಂಡು ಉಪ್ಪು, ನೀರು ಎರಡನ್ನೂ ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಇಷ್ಟು ದುಡಿಯುವ ಹೃದಯಕ್ಕೇ ಇಂಧನ ಇಲ್ಲ ಅನ್ನುವುದು ಇಲ್ಲಿನ ದುರಂತ.

ಸಾಮಾನ್ಯ ಹೃದಯ ವೈಫಲ್ಯದಲ್ಲಿ ಪಂಪಿನ ಬಲ ಕುಗ್ಗಿ ಕೈಕಾಲು ತಣ್ಣಗಿರುತ್ತವೆ. ಹಸಿ ಬೆರಿಬೆರಿಯಲ್ಲಿ ಮೊದಮೊದಲು ಉಲ್ಟಾ. ಕೈಕಾಲು ಬೆಚ್ಚಗಿರುತ್ತವೆ, ನಾಡಿ ಜೋರಾಗಿ ಓಡುತ್ತದೆ. ವೈದ್ಯರಿಗೆ ಇದೊಂದು ಸುಳಿವು. ಇದು ಏಕಾಏಕಿ ಉಲ್ಬಣಿಸಿ ಗಂಟೆಗಳಲ್ಲಿ ಆಘಾತಕ್ಕೆ ತಿರುಗುವ ರೂಪಕ್ಕೆ ಜಪಾನಿ ಹೆಸರೇ ಉಳಿದಿದೆ, ಶೋಶಿನ್. ಆಗ ಬಿಪಿ ಏರಿಸುವ ಔಷಧ ಎಷ್ಟು ಸುರಿದರೂ ಉಪಯೋಗ ಕಡಿಮೆ. ಥಯಾಮಿನ್ ಕೊಟ್ಟರೆ ಗಂಟೆಗಳಲ್ಲಿ ಬಿಪಿ ಚೇತರಿಸಿಕೊಳ್ಳುತ್ತದೆ, ಮೂತ್ರ ಹರಿಯುತ್ತದೆ.

ಹಸುಗೂಸಿನಲ್ಲಿ ಏಟು ಬೀಳುವುದು ಹೃದಯದ ಬಲಭಾಗಕ್ಕೆ. ಹುಳಿಯಾದ ರಕ್ತ ಮೈಯ ನಾಳಗಳನ್ನು ಸಡಿಲಿಸಿದರೂ ಶ್ವಾಸಕೋಶದ ನಾಳಗಳನ್ನು ಬಿಗಿಗೊಳಿಸುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲೊಂದು. ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲ ಹೃತ್ಕುಕ್ಷಿ ಗೋಡೆಗೆ ಹಣೆ ಒತ್ತಿದಂತೆ ತಳ್ಳಿ ತಳ್ಳಿ ಬಲೂನಿನಂತೆ ಉಬ್ಬುತ್ತದೆ. ಎಕೋ ಮಾಡಿದರೆ ಕಾಣುವುದು ಇದೇ. ದನಿ ಹೋಗುವುದು ಗಂಟಲಿನ ನರ ಸೋಲುವುದರಿಂದ.

ಕೂಸಿನಲ್ಲಿ ಇದಕ್ಕೆ ನಿಖರವಾದ ವಯಸ್ಸಿದೆ. ಹೃದಯದ ರೂಪ ಹೆಚ್ಚಾಗಿ ಕಾಣುವುದು ಒಂದರಿಂದ ನಾಲ್ಕು ತಿಂಗಳಲ್ಲಿ. ಬಸಿರಿನಲ್ಲಿ ತಾಯಿಯಿಂದ ಬಂದ ಸ್ವಲ್ಪ ಗಂಟು ಕರಗಿ, ಹಾಲಿನಲ್ಲಿ ಹೊಸದು ಬರದೇ ಇರುವ ಹೊತ್ತು ಅದು. ತಾಯಿ ಏನು ತಿಂದರೂ ಹಾಲಿನ ಸತ್ವ ಒಂದೇ ಅನ್ನುವ ಮಾತು ಬಿ1 ಮಟ್ಟಿಗೆ ಸುಳ್ಳು. ತಾಯಿಯ ಊಟದಲ್ಲಿ ಇಲ್ಲದ್ದು ಹಾಲಿನಲ್ಲೂ ಇರುವುದಿಲ್ಲ. ಹಾಗಂತ ಹಾಲು ಬಿಡಿಸುವುದು ಮಹಾಪರಾಧ. ಹಾಲು ವಿಷವಲ್ಲ, ಹಾಲಿನಲ್ಲಿ ಒಂದು ಅಂಶ ಕಡಿಮೆ ಅಷ್ಟೇ. ತಾಯಿಗೆ ಬಿ1 ಕೊಟ್ಟರೆ ಹಾಲಿನಲ್ಲಿ ಬಿ1 ಏರುತ್ತದೆ ಎಂಬುದನ್ನು ಕಾಂಬೋಡಿಯಾದಲ್ಲಿ ಬಾಣಂತಿಯರಿಗೆ ಮಾತ್ರೆ ಕೊಟ್ಟು ನಡೆಸಿದ ಪ್ರಯೋಗ ತೋರಿಸಿದೆ. ಅಜ್ಜಿಗೆ ನಾನು ಇಷ್ಟನ್ನು ಹೇಳಿದಾಗ ಅವಳು ಏನೂ ಮಾತಾಡಲಿಲ್ಲ, ಎಲೆಗೆ ಸುಣ್ಣ ಹಚ್ಚುತ್ತ ಕೂತಳು.

ತೌಡಿನಲ್ಲಿ ಹೋದದ್ದು

ಭತ್ತದ ಥಯಾಮಿನ್ ಬಹುಪಾಲು ಇರುವುದು ಅಕ್ಕಿಯ ಮೇಲಿನ ತೌಡು ಮತ್ತು ಮೊಳಕೆಯ ಭಾಗದಲ್ಲಿ. ಪಾಲಿಶ್ ಮಾಡಿದರೆ ಅದು ಎಮ್ಮೆಯ ಕಲಗಚ್ಚಿಗೆ ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕ ನೋಡಿ. 100 ಗ್ರಾಂ ಪಾಲಿಶ್ ಬೆಳ್ತಿಗೆ ಅಕ್ಕಿಯಲ್ಲಿ ಥಯಾಮಿನ್ 0.05 ಮಿಲಿಗ್ರಾಂ. ಪಾಲಿಶ್ ಮಾಡದ ಅಕ್ಕಿಯಲ್ಲಿ 0.27. ರಾಗಿಯಲ್ಲಿ 0.37, ಜೋಳದಲ್ಲಿ 0.35, ಗೋಧಿ ಹಿಟ್ಟಿನಲ್ಲಿ 0.42. ಹಾಲುಣಿಸುವ ತಾಯಿಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದಿನಕ್ಕೆ ಬೇಕಾದದ್ದು 1.5 ಮಿಲಿಗ್ರಾಂ. ದಿನಕ್ಕೆ 400 ಗ್ರಾಂ ಬಿಳಿ ಅಕ್ಕಿ ಬೇಯಿಸಿ ಉಂಡರೆ ಸಿಗುವುದು 0.2. ಅದೂ ಅಕ್ಕಿ ತೊಳೆದ ನೀರು, ಬಸಿದ ಗಂಜಿ ಎರಡನ್ನೂ ಚೆಲ್ಲದಿದ್ದರೆ, ಯಾಕೆಂದರೆ ಥಯಾಮಿನ್ ನೀರಲ್ಲಿ ಕರಗುತ್ತದೆ.

ಕುಸುಬಲಕ್ಕಿ ಇದರಲ್ಲಿ ಜಾಣ. ಕರಾವಳಿಯವರ ಕುಚ್ಚಲಕ್ಕಿಯೂ ಅದೇ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ ಕುದಿಸಿದಾಗ ತೌಡಿನ ವಿಟಮಿನ್ ಅಕ್ಕಿಯ ಒಡಲಿಗೆ ಇಳಿಯುತ್ತದೆ, ಆಮೇಲೆ ಪಾಲಿಶ್ ಮಾಡಿದರೂ 0.17 ಉಳಿಯುತ್ತದೆ. ಬೆಳ್ತಿಗೆಯ ಮೂರು ಪಟ್ಟಿಗಿಂತ ಹೆಚ್ಚು. ನಮ್ಮ ಕಡೆ ಕುಸುಬಲಕ್ಕಿ ದೋಸೆಗೆ, ಮಂಡಕ್ಕಿ ಭಟ್ಟಿಗೆ. ಊಟಕ್ಕೆ ಕೂತರೆ ಎಲೆಯ ಮೇಲೆ ಮಲ್ಲಿಗೆಯಂಥ ಬಿಳಿ ಅನ್ನವೇ ಬೇಕು.

ಬಿಳಿ ಅನ್ನದ ಪ್ರತಿಷ್ಠೆಗೆ ಜೀವ ಕೊಟ್ಟವರ ಲೆಕ್ಕ ದೊಡ್ಡದು. 1882-83ರಲ್ಲಿ ಜಪಾನಿನ 'ರ್‍ಯೂಜೋ' ಎಂಬ ತರಬೇತಿ ಹಡಗಿನ 376 ಮಂದಿಯಲ್ಲಿ 169 ಜನಕ್ಕೆ ಬೆರಿಬೆರಿ ಬಂದು 25 ಜನ ಸತ್ತರು. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಮುಂದಿನ ವರ್ಷ ಅದೇ ದಾರಿಯಲ್ಲಿ ಇನ್ನೊಂದು ಹಡಗು ಕಳಿಸಿದ, ಊಟ ಮಾತ್ರ ಬದಲಿಸಿ. ಒಬ್ಬನೂ ಸಾಯಲಿಲ್ಲ. ನೌಕಾಪಡೆ ಬಾರ್ಲಿಗೆ ಹೊರಳಿತು. ಭೂಸೇನೆಯ ವೈದ್ಯರು ಮಾತ್ರ ಇದು ರೋಗಾಣುವಿನಿಂದ ಬರುವ ಕಾಯಿಲೆ ಅಂತ ಪಟ್ಟು ಹಿಡಿದರು. ಬಿಳಿ ಅನ್ನ ಕೊಡುತ್ತೇವೆ ಅನ್ನುವುದೇ ಬಡವರ ಮನೆ ಹುಡುಗರನ್ನು ಸೇನೆಗೆ ಸೆಳೆಯುವ ಆಮಿಷವೂ ಆಗಿತ್ತು. 1904-05ರ ರಷ್ಯಾ ಯುದ್ಧದಲ್ಲಿ ಅವರ ಸುಮಾರು 27,000 ಸೈನಿಕರು ಗುಂಡಿನಿಂದಲ್ಲ, ಬೆರಿಬೆರಿಯಿಂದ ಸತ್ತರು. ತಜ್ಞರ ಹಟ ಎಷ್ಟು ದುಬಾರಿ ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇದು.

ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಕಂಡದ್ದು ಕೋಳಿಗಳಲ್ಲಿ. ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ತಿಂದ ಕೋಳಿಗಳು ಕಾಲು ಸೋತು ಬಿದ್ದವು. ಹೊಸದಾಗಿ ಬಂದ ಅಡುಗೆಯವನು 'ಸೇನೆಯ ಅನ್ನ ಸಿವಿಲ್ ಕೋಳಿಗಳಿಗೆ ಯಾಕೆ' ಅಂತ ನಿಲ್ಲಿಸಿ, ಪಾಲಿಶ್ ಇಲ್ಲದ ಅಕ್ಕಿ ಕೊಡುವಂತಾದಾಗ ಎದ್ದು ಓಡಾಡಿದವು! ಒಬ್ಬ ಜಿಪುಣನಿಂದ ಐಕ್‌ಮನ್‌ಗೆ 1929ರ ನೊಬೆಲ್ ಬಂತು ಅನ್ನಬಹುದು. ಅವನ ಗೆಳೆಯ ವೋರ್ಡರ್‌ಮನ್ 1897ರಲ್ಲಿ ಜಾವಾದ ನೂರೊಂದು ಜೈಲುಗಳ ಲೆಕ್ಕ ತೆಗೆದ. ಪಾಲಿಶ್ ಅಕ್ಕಿಯ ಜೈಲುಗಳಲ್ಲಿ 39 ಕೈದಿಗಳಿಗೊಬ್ಬನಿಗೆ ಬೆರಿಬೆರಿ, ಪಾಲಿಶ್ ಇಲ್ಲದ ಅಕ್ಕಿಯ ಜೈಲುಗಳಲ್ಲಿ 10,000ಕ್ಕೊಬ್ಬ.

ಭಾರತದ ಕತೆ ಹತ್ತಿರದ್ದೇ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ 'ಬೆರಿಬೆರಿ ವಿಚಾರಣೆ' ಶುರುಮಾಡಿದ. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ಅಂದರೆ ಈ ದೇಶದ ಪೋಷಣಾ ವಿಜ್ಞಾನ ಹುಟ್ಟಿದ್ದೇ ಬೆರಿಬೆರಿಯ ತೊಟ್ಟಿಲಲ್ಲಿ. ನೂರು ವರ್ಷದ ಮೇಲೆ ನಮ್ಮ ಪೋಷಣಾ ಕಾರ್ಯಕ್ರಮಗಳಿಗೆ ಆ ಹೆಸರೇ ಮರೆತಿದೆ.

ನೀರು ಬಂತು, ಜೋಳ ಹೋಯ್ತು

ಸಾಸ್ವೆಹಳ್ಳಿ ಅಂದರೆ ಈಗ ಸುದ್ದಿಯಲ್ಲಿ ಬರುವುದು ಏತ ನೀರಾವರಿ ಯೋಜನೆಗೆ. ನನಗೆ ಮುಖ್ಯವಾದದ್ದು ಅದಕ್ಕಿಂತ ಹಳೇ ನೀರು. ಅರವತ್ತರ ದಶಕದಲ್ಲಿ ಭದ್ರಾ ಅಣೆಕಟ್ಟು ಮುಗಿದು ನಾಲೆಗಳು ಹರಿದ ಮೇಲೆ ಈ ಭಾಗದ ಬೆದ್ದಲು ಗದ್ದೆಯಾಯಿತು, ಆಮೇಲೆ ಬಹಳಷ್ಟು ಅಡಿಕೆ ತೋಟವಾಯಿತು. ಅಜ್ಜಿ ಮದುವೆಯಾಗಿ ಬಂದಾಗ ಮನೆಯಲ್ಲಿ ಜೋಳದ ರೊಟ್ಟಿ, ರಾಗಿ ಮುದ್ದೆ, ನವಣಕ್ಕಿ. ಅಕ್ಕಿ ಅಂದರೆ ಒನಕೆಯಲ್ಲಿ ಕುಟ್ಟಿದ್ದು, ಅದೂ ಹಬ್ಬಕ್ಕೆ. ನಾಲೆ ನೀರಿನ ಬೆನ್ನಿಗೇ ಊರಿಗೆ ಗಿರಣಿ ಬಂತು. "ಕುಟ್ಟೋ ಕಷ್ಟ ತಪ್ಪಿತಲ್ಲ ಅಂತ ಗಿರಣಿಯವನಿಗೆ ಕೈ ಮುಗಿದೀವಿ" ಅನ್ನುತ್ತಾಳೆ. ಹೆಂಗಸರ ರಟ್ಟೆಯ ನೋವು ಕಂಡವರು ಯಾರೂ ಆ ಗಿರಣಿಯನ್ನು ಬೈಯಲಾರರು. ನಾನೂ ಬೈಯುತ್ತಿಲ್ಲ.

ಅದೇ ಬಿಳಿ ಅಕ್ಕಿ ಬಾಣಂತಿ ಕೋಣೆಗೂ ಹೋಯಿತು. ನಮ್ಮ ಕಡೆಯ ಬಾಣಂತನ ಗೊತ್ತಲ್ಲ? ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಕೊಬ್ಬರಿ ಖಾರ. ಬೇಳೆ ವಾಯು, ಕಾಳು ನಂಜು, ಹಣ್ಣು ಶೀತ, ಸೊಪ್ಪು ಕೂಸಿಗೆ ಭೇದಿ. ನೀರೂ ಅಳತೆಯದು. ಮೊದಲ ಒಂದು ತಿಂಗಳು, ಕೆಲವು ಮನೆಗಳಲ್ಲಿ ಮೂರು ತಿಂಗಳು ಹೀಗೇ. ಊಟ ಆದ ಮೇಲೆ ಎಲೆ ಅಡಿಕೆ. ಅಡಿಕೆ, ಚಹಾದ ಒಗರಿನ ಅಂಶ ಥಯಾಮಿನ್ನನ್ನು ಕೆಡಿಸುತ್ತದೆ ಎಂಬುದು ಹಳೆಯ ಸಂಶೋಧನೆಗಳಿಂದ ಗೊತ್ತಿರುವ ಸಂಗತಿ. ಇದನ್ನು ಚನ್ನಗಿರಿ, ಹೊನ್ನಾಳಿಯ ತೋಟದವರೆದುರು ಹೇಳಿದರೆ ಏನಾಗುತ್ತೆ ಅಂತ ನನಗೆ ಗೊತ್ತು, ನಮ್ಮನೆಯಲ್ಲೂ ಎರಡೆಕರೆ ಅಡಿಕೆ ಇದೆ. ಆದರೂ ಹಾಲುಣಿಸುವವರೆಗಾದರೂ ಊಟದ ಬೆನ್ನಿಗೇ ಬೇಡ. ಬೇಳೆ ಬೇಗ ಬೇಯಲಿ ಅಂತ ಸೋಡಾ ಹಾಕುವುದೂ ಬೇಡ, ಅದೂ ಬಿ1 ಕೊಲ್ಲುತ್ತದೆ.

ಪಥ್ಯವನ್ನು 'ಮೂಢನಂಬಿಕೆ' ಅಂತ ಒಂದೇ ಏಟಿಗೆ ತಳ್ಳುವವರ ಜೊತೆ ನನಗೆ ಜಗಳ ಇದೆ. ಇದೇ ಪಥ್ಯ ಕುಟ್ಟಿದ ಅಕ್ಕಿಯ, ನವಣೆಯ ಕಾಲದಲ್ಲಿ ಇಷ್ಟು ಅಪಾಯಕಾರಿ ಆಗಿರಲಿಕ್ಕಿಲ್ಲ. ಪಥ್ಯ ಹಳೇದೇ ಉಳಿಯಿತು, ಒಳಗಿನ ಧಾನ್ಯ ಬದಲಾಯಿತು. ಮತ್ತೆ, ಪಥ್ಯ ಮಾಡಿಸುವ ಅತ್ತೆ, ತಾಯಿಯರು ಕೂಸಿನ ಮೇಲಿನ ಕಕ್ಕುಲತೆಯಿಂದಲೇ ಮಾಡಿಸುತ್ತಾರೆ. ಅವರನ್ನು ಗದರಿಸಿದ ಆರೋಗ್ಯ ಶಿಕ್ಷಣ ಯಾವತ್ತೂ ಮನೆ ಬಾಗಿಲು ದಾಟಿಲ್ಲ.

ದೊಡ್ಡವರಲ್ಲಿ ಈ ಕಾಯಿಲೆಗೆ ಸಿಕ್ಕುವವರು ಬೇರೆ. ದಿನಾ ಕುಡಿದು ಊಟ ಬಿಟ್ಟವರು, ಬಸಿರಿನಲ್ಲಿ ವಾಂತಿ ನಿಲ್ಲದವರು, ಡಯಾಲಿಸಿಸ್‌ನಲ್ಲಿರುವವರು, ಹೃದಯದ ಕಾಯಿಲೆಗೇ ನೀರಿಳಿಸುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು. ಆ ಮಾತ್ರೆ ಮೂತ್ರದ ಜೊತೆ ಬಿ1 ಅನ್ನೂ ಕಳಿಸುತ್ತದೆ. ಇನ್ನೊಂದು ಮಾತು. ಸುಸ್ತು ಅಂದ ತಕ್ಷಣ 'ಒಂದು ಗ್ಲುಕೋಸ್ ಹಾಕ್ಸಿ' ಅನ್ನುವುದು ನಮ್ಮ ಹಳ್ಳಿಗಳ ಚಟ. ಬಿ1 ಬರಿದಾದ ಮೈಗೆ ಬರೀ ಗ್ಲುಕೋಸ್ ಏರಿಸುವುದು ಬಾಗಿಲು ಮುಚ್ಚಿದ ಕುಲುಮೆಯ ಮುಂದೆ ಇನ್ನಷ್ಟು ಕಟ್ಟಿಗೆ ತಂದು ಸುರಿದಂತೆ. ಇದ್ದ ಚೂರುಪಾರು ಥಯಾಮಿನ್ನೂ ಖರ್ಚಾಗಿ ಸ್ಥಿತಿ ಬಿಗಡಾಯಿಸಬಹುದು. ಮೊದಲು ಬಿ1, ಆಮೇಲೆ ಗ್ಲುಕೋಸ್ ಎನ್ನುವುದು ತುರ್ತು ಚಿಕಿತ್ಸೆಯ ಹಳೇ ಪಾಠ.

ಕಾನೂನಿನಲ್ಲಿ 'ಬೇಕಾದರೆ'

ಈಗ ರಾಜಕೀಯ. 2013ರಲ್ಲಿ ಅನ್ನಭಾಗ್ಯ ಬಂದಾಗ 'ಜನ ಸೋಮಾರಿಗಳಾಗುತ್ತಾರೆ' ಅಂದವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಹಸಿವು ನೀಗಿಸಿದ ಯೋಜನೆ ಅದು. ನನ್ನ ತಕರಾರು ಆ ಅಕ್ಕಿಯ ಒಳಗೆ ಏನಿದೆ ಅನ್ನುವುದರ ಬಗ್ಗೆ.

ಪಡಿತರ ಅಕ್ಕಿಗೆ ಸಾರ ಸೇರಿಸುವ ಕೇಂದ್ರದ ಕಾರ್ಯಕ್ರಮಕ್ಕೆ 2024ರ ಅಕ್ಟೋಬರಿನಲ್ಲಿ ಸಂಪುಟ 17,082 ಕೋಟಿ ರೂಪಾಯಿ ವೆಚ್ಚದಲ್ಲಿ 2028ರ ಡಿಸೆಂಬರ್‌ವರೆಗೆ ಒಪ್ಪಿಗೆ ಕೊಟ್ಟಿತು. ಸಾರ ಅಂದರೆ ಯಾವುದು? ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಓದಿ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಡ್ಡಾಯ. ಥಯಾಮಿನ್ ಇನ್ನೊಂದು ಪಟ್ಟಿಯಲ್ಲಿದೆ, 'ಬೇಕಾದರೆ ಸೇರಿಸಬಹುದು' ಎಂಬ ಪಟ್ಟಿಯಲ್ಲಿ. ಕಿಲೋ ಅಕ್ಕಿಗೆ 1ರಿಂದ 1.5 ಮಿಲಿಗ್ರಾಂ ಅಂತ ಪ್ರಮಾಣವನ್ನೂ ಬರೆದಿದ್ದಾರೆ. ಸೇರಿಸಿದರೆ ನಮ್ಮ 400 ಗ್ರಾಂ ಉಣ್ಣುವ ಬಾಣಂತಿಗೆ ದಿನಕ್ಕೆ 0.4ರಿಂದ 0.6 ಮಿಲಿಗ್ರಾಂ ಹೆಚ್ಚಿಗೆ ಸಿಗುತ್ತದೆ. ಈಗ ಸಿಗುವುದು 0.2 ಅನ್ನುವುದನ್ನು ನೆನಪಿಡಿ. ಅಂದರೆ ಯಂತ್ರ ಇದೆ, ಅಕ್ಕಿ ಇದೆ, ಹಣ ಇದೆ, ಪ್ರಮಾಣವೂ ಗೊತ್ತಿದೆ. ಪಾಲಿಶ್ ಅಕ್ಕಿಯ ದೇಶಕ್ಕೆ, ಪಾಲಿಶ್ ಮಾಡುವಾಗ ಕಿತ್ತುಕೊಂಡ ವಿಟಮಿನ್ನನ್ನು ವಾಪಸ್ ಕೊಡುವುದು ಮಾತ್ರ ಐಚ್ಛಿಕ!

ಕಬ್ಬಿಣ ಸೇರಿಸುವುದರ ಬಗ್ಗೆ ತಕರಾರುಗಳಿವೆ. ಥಲಸ್ಸೇಮಿಯಾ, ಸಿಕಲ್ ಸೆಲ್ ಇರುವವರಿಗೆ ಅದು ಒಳ್ಳೆಯದಲ್ಲ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಥಯಾಮಿನ್ನಿಗೆ ಆ ಗೋಜಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ಬಾಣಂತಿಗೆ ಸರ್ಕಾರ ಕೊಡುವ ಮಾತ್ರೆಯದೂ ಇದೇ ಕತೆ. ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಬಿ1 ಇಲ್ಲ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಕೊಡುತ್ತದೆ. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಹಸಿ ಬಾಣಂತಿ ಹೊಸ್ತಿಲು ದಾಟಿ ಅಂಗನವಾಡಿಗೆ ಬಂದು ಉಣ್ಣುತ್ತಾಳೆ ಎಂದು ಬೆಂಗಳೂರಲ್ಲಿ ಕೂತು ನಂಬಬಹುದು, ಸಾಸ್ವೆಹಳ್ಳಿಯಲ್ಲಿ ನಂಬಲಾಗದು. ಸರಿಯಾಗಿ ಆ ಮೂರು ತಿಂಗಳೇ ಕೂಸಿಗೆ ಅಪಾಯದ ಕಾಲ. ಹೆಚ್ಚುವರಿ ಅಕ್ಕಿಯ ಬದಲು ಬೇಳೆ ಇರುವ ಕಿಟ್ ಕೊಡುವ ರಾಜ್ಯ ಸಂಪುಟದ 2025ರ ಅಕ್ಟೋಬರಿನ ತೀರ್ಮಾನ ಸರಿ ದಿಕ್ಕಿನದು, ಬೇಳೆಯಲ್ಲಿ ಬಿ1 ಚೆನ್ನಾಗಿದೆ. ಆದರೆ 'ಬೇಳೆ ವಾಯು' ಅನ್ನುವ ಮನೆಯಲ್ಲಿ ಆ ಬೇಳೆ ಬಾಣಂತಿ ಬಿಟ್ಟು ಉಳಿದವರೆಲ್ಲರ ತಟ್ಟೆಗೆ ಹೋಗುತ್ತದೆ. ಹಾಗಾಗಿ ನನಗೆ ಮಾತ್ರೆಯೇ ಹೆಚ್ಚು ಭರವಸೆಯದು ಅನಿಸುತ್ತದೆ. ಮಾತ್ರೆಗೆ ವಾಯು ಇಲ್ಲ, ಶೀತ ಇಲ್ಲ. ಆಶಾ ಕಾರ್ಯಕರ್ತೆ ಹೇಗೂ ಕಬ್ಬಿಣದ ಮಾತ್ರೆ ಹಿಡಿದು ಬಾಣಂತಿ ಮನೆಗೆ ಹೋಗುತ್ತಾಳೆ, ಅದರ ಜೊತೆ ಇನ್ನೊಂದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ವಾರಗಟ್ಟಲೆ ಚರ್ಚೆಯಾಯಿತು. ಆಗಲೇಬೇಕಿತ್ತು. ಮೂರು ತಿಂಗಳ ಕೂಸುಗಳು ಒಂದೊಂದಾಗಿ, ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕಾರಣ ಬರೆಸಿಕೊಂಡು ಹೋದರೆ ಅದು ಯಾರ ಪ್ರಶ್ನೋತ್ತರ ಕಲಾಪಕ್ಕೂ ಬರುವುದಿಲ್ಲ. ನಮ್ಮ ಶಾಸಕರಿಗೆ ಕೇಳಬೇಕಾದ ಪ್ರಶ್ನೆ ಸರಳ: ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಥಯಾಮಿನ್ ಚುಚ್ಚುಮದ್ದು ಇದೆಯಾ? ರಕ್ತದಲ್ಲಿ ಥಯಾಮಿನ್ ಅಳೆಯುವ ಲ್ಯಾಬ್ ಕೇಳುತ್ತಿಲ್ಲ. ಅದು ದೊಡ್ಡ ಊರುಗಳಲ್ಲೇ ಅಪರೂಪ, ಫಲಿತಾಂಶ ಬರುವಷ್ಟರಲ್ಲಿ ಕೂಸು ಉಳಿಯುವುದಿಲ್ಲ. ಅನುಮಾನ ಬಂದರೆ ಕೊಟ್ಟು ನೋಡುವುದೇ ಇಲ್ಲಿ ಪರೀಕ್ಷೆ, ಅದೇ ಚಿಕಿತ್ಸೆ. ಅದಕ್ಕೆ ಬೇಕಾದದ್ದು ಒಂದು ಪುಟ್ಟ ಬಾಟಲಿ ಮತ್ತು ಕರ್ತವ್ಯದಲ್ಲಿರುವ ವೈದ್ಯರಿಗೆ ಆ ಅನುಮಾನ ಬರುವಷ್ಟು ತರಬೇತಿ.

ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಇಷ್ಟು ಗಮನಿಸಿ. ಎದೆಹಾಲಷ್ಟೇ ಕುಡಿಯುವ, ಒಂದರಿಂದ ಆರು ತಿಂಗಳ ಕೂಸು ಹಠಾತ್ತಾಗಿ ಹಾಲು ಬಿಟ್ಟರೆ, ಪದೇ ಪದೇ ಕಕ್ಕಿದರೆ, ಜ್ವರವಿಲ್ಲದೆ ಪಕ್ಕೆ ಹೊಡೆದುಕೊಂಡು ಉಸಿರಾಡಿದರೆ, ನರಳಿದರೆ, ಅಳುವಾಗ ದನಿ ಒಡೆದರೆ ಅಥವಾ ದನಿಯೇ ಬರದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೋಗಿ, ತಾಯಿ ಏನು ಉಣ್ಣುತ್ತಿದ್ದಾಳೆ ಅನ್ನುವುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಕೂಸಿನ ಜೊತೆ ತಾಯಿಗೂ ಬಿ1 ಬೇಕು. ಅವಳ ಪಾದ ಜೋಮು ಹಿಡಿಯುತ್ತಿದೆಯಾ ಅಂತಲೂ ಕೇಳಿ. ಬಹಳ ಸಲ ಅದನ್ನು ಅವಳು ಬಾಣಂತನದ ಸುಸ್ತು ಅಂತ ಹೇಳದೇ ಇರುತ್ತಾಳೆ.

ಕಳೆದ ವರ್ಷ ನನ್ನ ತಂಗಿಯ ಬಾಣಂತನ ಊರಲ್ಲೇ ಆಯಿತು. ನಾನು ಆ ಕೋಷ್ಟಕದ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅಮ್ಮನ ಜೊತೆ, ಅಜ್ಜಿಯ ಜೊತೆ ವಾದಕ್ಕೆ ಸಜ್ಜಾಗಿ ಕೂತಿದ್ದೆ. ಅಜ್ಜಿ ಪೂರ್ತಿ ಕೇಳಿದಳು. "ಮೊದ್ಲು ಬಾಣಂತೇರಿಗೆ ನವಣಕ್ಕಿ ಅನ್ನಾನೇ ಮಾಡ್ತಿದ್ರು, ನಮ್ಮವ್ವ ನನಗೂ ಮಾಡಿದ್ಲು. ಗದ್ದೆ ಆದ ಮ್ಯಾಲೆ ನವಣೆ ಬಿತ್ತೋರು ಯಾರು?" ಅಂದಳು. ಆಮೇಲೆ ಅಮ್ಮನ ಕಡೆ ತಿರುಗಿ, ಹೊನ್ನಾಳಿ ಸಂತೆಯಲ್ಲಿ ಸಿಗುತ್ತಾ ನೋಡು ಅಂತ ದುಡ್ಡು ತೆಗೆದುಕೊಟ್ಟಳು.